ಕಾರಣವಿಲ್ಲದೆ ಗಾಡಿ ಹೊರಡದು

ಗುಂತಕಲ್ಲಿನ ಈ ಕ್ವಾರ್ಟರ್ಸಿನಲ್ಲಿ ಇರುವುದೇ ಎರಡು ಕೋಣೆ.
ಒಂದರಲ್ಲಿ ನಾವು. ಇನ್ನೊಂದರಲ್ಲಿ, ಪ್ಲೈವುಡ್ಡಿನ ಮೇಲೆ,
ಎಂಬತ್ತೇಳರಲ್ಲೊಂದು ಪಾಲಿಗೆ ಕುಗ್ಗಿದ ಗುಂತಕಲ್ಲು.

ಇವರು ಗೂಡ್ಸ್ ಗಾರ್ಡು. ಡ್ಯೂಟಿ ಇಳಿದು ಬಂದವರು
ಬೂಟು ಬಿಚ್ಚುವ ಮೊದಲೇ ಚೀಟಿ ಬರೆಯುತ್ತಾರೆ:
ಅದಿರು, ಬಳ್ಳಾರಿ ಕಡೆಯಿಂದ.
ಸಿಮೆಂಟು, ತಾಡಪತ್ರಿಯಿಂದ.
ಖಾಲಿ, ಬಂದಲ್ಲಿಗೇ ವಾಪಸ್ಸು.
‘ಸುಮ್ಮನೆ ಸುತ್ತಿದರೆ ಮಕ್ಕಳಾಟ ಕಣೇ,
ಒಂದೊಂದು ವ್ಯಾಗನ್ನಿಗೂ ಹೋಗಲು ಒಂದು ಕಾರಣ ಬೇಕು.’

ನಿಜದ ರೇಕಿಗೆ ಐವತ್ತೆಂಟು ವ್ಯಾಗನ್ನು,
ನಮ್ಮ ಗೋಡೆ ಒಪ್ಪಿದ್ದು ಹನ್ನೊಂದಕ್ಕೆ.
ಹಳಿ ಬೀರುವಿನ ಹಿಂದೆ ತೂರಿ
ನನ್ನ ಹೊಲಿಗೆ ಮಿಷನ್ನಿನ ಪಕ್ಕ ಹೊರಬಂದರೆ
ಅದು ಗುತ್ತಿ.
ಕಲ್ಲಿದ್ದಲೆಂದರೆ ಒಣಗಿಸಿದ ಚಹಾ ಚರಟ,
ಅದಿರೆಂದರೆ ನನ್ನ ಡಬ್ಬಿಯ ರಾಗಿ.

ಭಾನುವಾರ ಖಾಸಿಂ ಸಾಬರು ಬಂದು ಇಂಜಿನ್ ಹಿಡಿದರು.
ಗೋಡೆ ಗಡಿಯಾರದ ಹತ್ತು ನಿಮಿಷ, ಅಲ್ಲಿ ಒಂದು ತಾಸು.
ಹೊರಟದ್ದು ಹೊತ್ತಿಗೆ, ಮುಟ್ಟಿದ್ದು ಹೊತ್ತಿಗೆ.
‘ಭಲೇ ಎರಿಸ್ವಾಮೀ, ಥೇಟು ನಮ್ಮ ಡಿವಿಜನ್ನೇ!’

ನನಗೆ ನಗು ತಡೆಯಲಾಗಲಿಲ್ಲ.
ಇಪ್ಪತ್ತೆರಡು ವರ್ಷ, ಕಾಲ್‌ಬಾಯ್ ಬಾಗಿಲು ಬಡಿದು ಕರೆದೊಯ್ದ ಮೇಲೆ
ಹೇಳಿದ ಹೊತ್ತಿಗೆ ಒಂದು ದಿನ ಬಂದದ್ದುಂಟಾ?
ನಂಚೆರ್ಲದ ಲೂಪಿನಲ್ಲಿ ಆರು ತಾಸು ನಿಂತು,
ಹೋಗೋ ಎಕ್ಸ್‌ಪ್ರೆಸ್ಸಿಗೆಲ್ಲ ದಾರಿ ಬಿಟ್ಟು,
ಹಳಸಿದ ಬುತ್ತಿ ಹಾಗೇ ವಾಪಸ್ಸು ತಂದದ್ದು ಯಾವ ಚೀಟಿಯಲ್ಲಿದೆ?

ಇವರು ಮಾತಾಡಲಿಲ್ಲ. ಪೆನ್ಸಿಲು ಚೂಪು ಮಾಡಿ
ಹೊಸ ಚೀಟಿ ಬರೆದರು: ನಿಲ್ಲು. ಕಾರಣ ಕೇಳಬೇಡ.
ಬರೆದು ನನ್ನ ಕೈಗಿತ್ತರು.
ಅಂದಿನಿಂದ ಈ ಮನೆಯ ಕಂಟ್ರೋಲರು ನಾನು.
ಅನ್ನ ಬಸಿಯಲು ಎದ್ದರೆ
ಇಡೀ ಸೆಕ್ಷನ್ನೇ ನಿಲ್ಲುತ್ತದೆ.

ನಿನ್ನೆ ರಾತ್ರಿ ಒಂದು ಕೆಲಸ ಮಾಡಿದರು.
ಈಗೀಗ ಕೆಲವು ರೇಕಿನ ಬಾಲಕ್ಕೆ ಗಾರ್ಡಿಲ್ಲವಂತೆ,
ಮಿಣಮಿಣ ಮಿಟುಕುವ ಒಂದು ಪೆಟ್ಟಿಗೆಯಂತೆ.
‘ಈಗಿನದು ಅಂದಮೇಲೆ ಈಗಿನ ಹಾಗೇ ಇರಬೇಕು’ ಎಂದು
ಬ್ರೇಕ್ ವ್ಯಾನನ್ನು, ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ,
ಎರಡು ಬೆರಳಲ್ಲಿ ಎತ್ತಿ ಸೈಡಿಂಗಿನಲ್ಲಿಟ್ಟರು.
ಅದಕ್ಕೂ ಚೀಟಿ. ಎಲ್ಲಿಂದ: ಗುಂತಕಲ್ಲು.
ಎಲ್ಲಿಗೆ ಎಂಬಲ್ಲಿ ಪೆನ್ಸಿಲು ಊರಿದ ಚುಕ್ಕೆ, ಅಷ್ಟೇ.

ಬೆಳಿಗ್ಗೆ ನೋಡಿದರೆ ಕೆಂಪಿರುವೆ ಸಾಲು,
ಐವತ್ತೆಂಟೋ, ಹೆಚ್ಚೋ,
ಒಂದೊಂದು ಕಾಳು ಅದಿರು ಹೊತ್ತು
ಮೇನ್ ಲೈನಿನಲ್ಲೇ ಹೊರಟಿದೆ,
ಸಿಗ್ನಲ್ಲಿಲ್ಲ, ಗಾರ್ಡಿಲ್ಲ, ಗುತ್ತಿ ದಾಟಿ ಕಿಟಕಿಯ ಕಡೆ.
ಕೈಯಲ್ಲಿ ನಿಲ್ಲು ಚೀಟಿ.
ಇವರು ಗೊರಕೆ ಹೊಡೆಯುತ್ತಿದ್ದಾರೆ.
ಬಿಟ್ಟೆ, ಹೋಗಲಿ.