ಆರಕ್ಕೆ ಆರುವುದು

ಬೋಳಾರದ ಹಳೆ ಹಂಚಿನ ಕಾರ್ಖಾನೆಯಲ್ಲಿ ಪ್ರದರ್ಶನ.
ಕಾವಲಿಗೆ ಜನ ಇಡಲು ದುಡ್ಡಿಲ್ಲ.
ಕಂಪ್ಯೂಟರಿಗೇ ಹೇಳಿಕೊಟ್ಟೆ:
ಹತ್ತಕ್ಕೆ ಏಳು. ಪ್ರೊಜೆಕ್ಟರನ್ನು ಎಬ್ಬಿಸು.
ಮೌಸಿನ ಬಾಣ ಗೋಡೆಯ ಮೇಲೆ ಕಾಣಬಾರದು.
ಕರೆಂಟು ಹೋಗಿ ಬಂದರೆ
ಯಾರನ್ನೂ ಕೇಳದೆ ಮೊದಲಿಂದ ಶುರುಮಾಡು.
ಆರಕ್ಕೆ ಆರು.

ಉಪ್ಪುಗಾಳಿಗೆ ಪ್ಲಗ್ಗಿನ ಹಿತ್ತಾಳೆ ಹಸಿರಾಯಿತು, ಅಷ್ಟೇ.
ಉಳಿದದ್ದು ಮನೆಯಿಂದಲೇ, ಮೊಬೈಲಿನಲ್ಲಿ:
ಹಳೇ ರೀಲಿನ ಕೈಗಳು ಜೇಡಿ ತಟ್ಟುತ್ತವೆ,
ಎದುರಿಗೆ ಖಾಲಿ ಬೆಂಚು.
ಒಮ್ಮೆ ಒಂದು ನಾಯಿ ಬಂದು ಪೂರ್ತಿ ನೋಡಿತು.

ಇವತ್ತು ಐದು ಐವತ್ತೆಂಟಕ್ಕೆ ದೇಜಮ್ಮಕ್ಕ,
ಮೀನಿನ ಚೀಲ ಬಾಗಿಲ ಹೊರಗಿಟ್ಟು ಒಳಗೆ ಬಂದರು.
ಮೂವತ್ತೊಂದು ವರ್ಷ ಇಲ್ಲಿ ಹಂಚು ಹೊತ್ತವರು.
ಗೋಡೆಯ ಹತ್ತಿರ, ಇನ್ನೂ ಹತ್ತಿರ.
“ಇದು ಸೆರಪಿನಾ ಬಾಯಿಯ ಕೈ ಅಲ್ವಾ!”
ಹೆಬ್ಬೆರಳಿನ ಗಾಯ ಮುಟ್ಟಲು ಬೆರಳು ಚಾಚಿದರು,

ಆರು.

ಕತ್ತಲೆಗೆ ಗದರಿದ್ದು ಕೇಳಿಸಿತು:
“ಎಂತ ಮಾರಾಯ, ಈಗಲೂ ಸೈರನ್ನಾ?”

ಗಡಿಬಿಡಿಯಲ್ಲಿ ಪಾಸ್‌ವರ್ಡು ಎರಡು ಸಲ ತಪ್ಪಿತು.
ಪ್ರೊಜೆಕ್ಟರು ಬಿಸಿಯಾಗಲು ಇನ್ನೂ ಮೂರು ನಿಮಿಷ.
ಬಾಗಿಲ ಕ್ಯಾಮೆರಾದಲ್ಲಿ
ಮೀನಿನ ಚೀಲ ಅಲ್ಲೇ ಉಂಟು.
ಒಂದು ಬೆಕ್ಕು ಹತ್ತಿರ ಬರುತ್ತಾ ಉಂಟು.