ಏಳನೇ ರೀಲು

ಶುಕ್ರವಾರದ ಮೊದಲ ಆಟ ಬಿಟ್ಟಿದೆ.
ರೈಲ್ವೆ ಗೇಟಿನ ಪಕ್ಕ, ನರ್ಗೀಸ್ ಮಂಡಕ್ಕಿಯ ಮುಂದೆ ಕೂತು
ಚಮನ್‌ಸಾಬ್ ತೀರ್ಪು ಕೊಡುತ್ತಿದ್ದಾನೆ:
"ಒಂದೂವರೆ ಮಿರ್ಚಿ. ಅದೂ ಕ್ಯಾಮೆರಾದವನ ಮುಖ ನೋಡಿ."

ಹತ್ತಕ್ಕೆ ಎಷ್ಟು ಮಿರ್ಚಿ ಎನ್ನುವುದು ಅವನ ಲೆಕ್ಕ.
ಐದು ದಾಟಿದ ಚಿತ್ರ ದಾವಣಗೆರೆಗೆ ಬಂದು
ಎಷ್ಟೋ ವರ್ಷವಾಯಿತು.
ಹೋದ ವಾರದ ದೆವ್ವದ್ದಕ್ಕೆ ಮೂರು.
ದೆವ್ವ ಪರವಾಗಿಲ್ಲವಂತೆ, ಮನುಷ್ಯರಿಗೇ ನಟಿಸಲು ಬರುವುದಿಲ್ಲ.
ಅದರ ಹಿಂದಿನದಕ್ಕೆ ಬರೀ ಈರುಳ್ಳಿ.

"ಬೇಹುಗಾರ ಅಂತೆ ಇವನು!
ಪ್ಯಾರಿಸ್ಸಾಗೆ ಇಳಿದ್ರೆ ಪ್ಯಾರಿಸ್ಸೇ ತಿರುಗಿ ನೋಡ್ತೈತೆ.
ಅಂಗಿ ಗುಂಡಿ ಹಾಕ್ಕಳಾಕೆ ಪುರುಸೊತ್ತಿಲ್ಲ,
ಎದೆ ತೋರಿಸ್ಕಂಡು ಓಡ್ತಾನೆ.
ಎಲ್ಲರೂ ನೋಡೋನು ಎಂಥ ಬೇಹುಗಾರಲೇ?
ಬೇಹುಗಾರ ಅಂದ್ರೆ ನಿನ್ನಂಗೆ ಇರ್ಬೇಕು.
ಅರ್ಧ ತಾಸಿಂದ ಕೂತಿದೀಯ,
ಮಾಣಿ ನಿನಗೆ ನೀರು ತಂದಿಟ್ಟನಾ?"

ಇಟ್ಟಿರಲಿಲ್ಲ.

ಅವನಿಗೆ ಇರುವುದು ಒಂದೇ ಚಿತ್ರ.
ಕಪ್ಪು ಬಿಳುಪು. ಗಡಿ ಊರಿನಲ್ಲೊಬ್ಬ
ಗಡಿಯಾರ ರಿಪೇರಿಯವನು.
ಬಂದವರ ಕೈಗಡಿಯಾರ ಬಿಚ್ಚಿ, ಒಳಗಿನ ಧೂಳಿನಲ್ಲಿ
ಅವರು ಎಲ್ಲಿಂದ ಬಂದರೆಂದು ಓದುತ್ತಾನೆ.
ಒಂದು ಗುಂಡೂ ಹಾರುವುದಿಲ್ಲ.
ಕೊನೆಗೆ ಅಂಗಡಿಗೆ ಬೀಗ ಹಾಕಿ
ಯಾರಿಗೂ ಕೈ ಬೀಸದೆ ಹೊರಟುಹೋಗುತ್ತಾನೆ.
ಆ ನಡಿಗೆಯನ್ನು ಚಮನ್ ಮೇಜಿನ ಮೇಲೆ
ಎರಡು ಬೆರಳಲ್ಲಿ ನಡೆದು ತೋರಿಸುತ್ತಾನೆ.

ಅದನ್ನವನು ಪೂರ್ತಿ ನೋಡಿಲ್ಲ.

ಆಗ ಒಂದು ಪ್ರಿಂಟಿಗೆ ಎರಡು ಟಾಕೀಸು.
ಅಲ್ಲಿ ಇಳಿದ ರೀಲು ಇಲ್ಲಿ ಹತ್ತಬೇಕು.
ನಡುವೆ ಚಮನ್‌ನ ಸೈಕಲ್ಲು, ಕ್ಯಾರಿಯರಿನಲ್ಲಿ ತಗಡಿನ ಡಬ್ಬಿ,
ಪಾಳಿ ಬಿಟ್ಟ ಮಿಲ್ಲಿನ ಜನ, ಹತ್ತಿ ಗಾಡಿ,
ಗೂಡ್ಸಿಗೆಂದು ಹಾಕಿದ ಇದೇ ಗೇಟು.
ಐದನೆಯದನ್ನು ಅಲ್ಲಿ ನಿಂತು ನೋಡಿದ, ಎಂಟನೆಯದನ್ನು ಇಲ್ಲಿ.
ಏಳನೆಯದು ಅಲ್ಲಿ ಓಡುವಾಗ ಇಲ್ಲಿಗೆ ತುಳಿಯುತ್ತಿದ್ದ,
ಇಲ್ಲಿ ಓಡುವಾಗ ಅಲ್ಲಿಗೆ.
ಒಂದು ಸಂಜೆ ಮಳೆ. ಅಂಗಿ ಬಿಚ್ಚಿ ಡಬ್ಬಿಗೆ ಸುತ್ತಿ
ಅವನೂ ಎದೆ ತೋರಿಸಿಕೊಂಡೇ ಬಂದ.
ಡಬ್ಬಿ ಒಣಗಿತ್ತು.

"ಆರನೇದ್ರಾಗೆ ಆಕೆಗೆ ಇವನು ಯಾರಂತ ಗೊತ್ತಾಗ್ತೈತೆ.
ಎಂಟನೇದ್ರಾಗೆ ಆಕೆನೇ ಇವನಿಗೆ ಚಾ ಕಾಸಿ ಕೊಡ್ತಾಳೆ.
ನಡುವೆ ಏನಾತು?"
ಮೂವತ್ತೆಂಟು ವರ್ಷದಿಂದ ಕೇಳುತ್ತಿದ್ದಾನೆ.
ಆಕೆ ಅತ್ತಳು ಎಂದ ಚೌಕಿಪೇಟೆಯ ರುದ್ರಮುನಿ.
ಹೊಡೆದಳು ಎಂದ ಗೇಟ್‌ಕೀಪರ್ ಹಾಲಪ್ಪ.
ನರ್ಸ್ ಕೊಟ್ರಮ್ಮ ಮಾತ್ರ ಸ್ವಲ್ಪ ಯೋಚಿಸಿ
"ನಾವು ನೋಡಿದಾಗ ನಡುವೆ ಏನೂ ಇರಲಿಲ್ಲಪ್ಪ" ಎಂದಳು.
ಆಕೆ ನಿದ್ದೆ ಹೋಗಿದ್ದಳೆಂದು ಚಮನ್ ತೀರ್ಮಾನಿಸಿದ.

ಈ ಕಡೆಯ ಟಾಕೀಸಿನಲ್ಲಿ
ರೀಲು ಸುತ್ತುವ ಹುಡುಗ ನಾನು.
ಏಳನೆಯದರಲ್ಲಿ ಇದ್ದದ್ದು ಇಷ್ಟು:
ಇಬ್ಬರೂ ಅಂಗಡಿಯಲ್ಲಿ ಕೂತಿರುತ್ತಾರೆ.
ಗೋಡೆಯ ತುಂಬ ಗಡಿಯಾರ ನಡೆಯುತ್ತವೆ.
ಯಾರೂ ಮಾತಾಡುವುದಿಲ್ಲ. ಹನ್ನೊಂದು ನಿಮಿಷ.
ಮೊದಲ ದಿನವೇ ಜನ ಸಿಳ್ಳೆ ಹೊಡೆದು ಕುರ್ಚಿ ಕುಟ್ಟಿದರು,
ಹರಿಹರದ ಕೊನೆ ಬಸ್ಸೂ ತಪ್ಪಿತು.
"ಆ ಮೂಕ ರೀಲು ಬ್ಯಾಡ" ಎಂದರು ಮಾಲೀಕರು.
ಮರುದಿನದಿಂದ ಆರಾದ ಮೇಲೆ ಎಂಟು.
ಅವನು ತಂದ ಡಬ್ಬಿಯನ್ನು ಮುಚ್ಚಳ ತೆಗೆಯದೆ
ಮೂಲೆಗಿಟ್ಟು ಹಾಗೇ ವಾಪಸು ಕಟ್ಟುತ್ತಿದ್ದೆ.
ಇಪ್ಪತ್ತಾರು ದಿನ.
ಮಳೆಯ ದಿನವೂ.

ಗೇಟು ಹಾಕಿದ್ದಾರೆ. ಗೂಡ್ಸು ಹೋಗುತ್ತಿದೆ.
ಡಬ್ಬಿ ಎಣಿಸುತ್ತಾ ಇಬ್ಬರೂ ಸುಮ್ಮನೆ ಕೂತಿದ್ದೇವೆ.
"ನೀನು ಒಳಗಿದ್ದೋನು. ನಿನಗಾದ್ರೂ ನೆನಪಿರ್ಬೇಕಲ್ಲಲೇ."
"ಕಾರ್ಬನ್ ಹೊಗೆ. ಕಿಂಡಿಯಾಗೆ ಏನೂ ಕಾಣ್ತಿರಲಿಲ್ಲ" ಎಂದೆ.
ಮತ್ತೆ ಕೇಳಿದೆ, "ನೋಡದೇ ಇರೋ ಆ ರೀಲಿಗೆ
ಎಷ್ಟು ಮಿರ್ಚಿ ಕೊಡ್ತೀಯ?"

ತಟ್ಟೆಯಲ್ಲಿ ಉಳಿದದ್ದು ಒಂದು.
ತೊಟ್ಟು ಹಿಡಿದು, ತಿರುಗಿಸಿ ನೋಡಿ,
ಕಚ್ಚದೆ ಮತ್ತೆ ಇಟ್ಟ.

ಮಾಣಿ ಬಂದು
ಅವನೊಬ್ಬನ ಮುಂದೆ ನೀರಿಟ್ಟು ಹೋದ.