ಸಾಧ್ಯವಾದಲ್ಲಿ

ಮೊದಲನೆಯ ಕರಡು ಬಡಿದವನು ನಾನೇ, ಟೈಪ್‌ರೈಟರಿನಲ್ಲಿ,
ಮೂರು ಕಾರ್ಬನ್ ಇಟ್ಟು, ಊರಿಗಿನ್ನೂ ಗುಲ್ಬರ್ಗ ಎಂಬ ಹೆಸರಿದ್ದಾಗ, ಮೇ ತಿಂಗಳಲ್ಲಿ.
ನೆಲೋಗಿ ಸರ್ ಬಾಗಿಲ ಚೌಕಟ್ಟು ಹಿಡಿದು ಹೇಳಿದರು:
‘ಸರ್ಕಾರದ ಕಚೇರಿಗಳು ಮುಕ್ತ ತಂತ್ರಾಂಶವನ್ನೇ ಬಳಸತಕ್ಕದ್ದು.’
ಬಳಸತಕ್ಕದ್ದು ಅನ್ನುವಾಗ ಹೆಬ್ಬೆರಳಿನಿಂದ ಕಟ್ಟಿಗೆ ಒತ್ತಿದರು,
ಬಾಡಿಗೆ ಮನೆಯಲ್ಲಿ ಮೊಳೆಗೆ ಜಾಗ ಹುಡುಕುವವರ ಹಾಗೆ.

‘ಮುಕ್ತ ಅಂದ್ರ ಫುಕಟ್ ಏನ್ರಿ ಸರ್?’
‘ಅಲ್ರಿ ರುಕ್ಮೊದ್ದೀನ್. ನಿಮ್ಮ ಸೈಕಲ್ ಅದಲ್ಲ,
ಸ್ಟೇಶನ್ ಬಜಾರದಾಗ ಯಾರ ಬಲ್ಲಿ ಒಯ್ದ್ರೂ ರಿಪೇರಿ ಆಗ್ತದ.
ಚೈನ್ ಬಿಚ್ಚಿದ್ರ ಕೇಸ್ ಹಾಕ್ತೀನಿ ಅಂತ ಮಾರಿದಾಂವ ಅಂದ್ರ?’
ನಾನು ನಕ್ಕೆ. ಅವರು ನಗಲಿಲ್ಲ.
ಅಂದು ಸಂಜೆ ಮನೆಗೆ ಹೋಗುವಾಗ
ಚೈನಿನ ಕಡೆ ಒಂದೆರಡು ಸಲ ನೋಡಿಕೊಂಡೆ.

ಕಾಗದ ಬೆಂಗಳೂರಿಗೆ ಹೋಗಿ ಎಂಟು ತಿಂಗಳಿಗೆ ತಿರುಗಿ ಬಂತು.
ಅಂಚಿನಲ್ಲಿ ಹಸಿರು ಶಾಯಿಯ ಒಂದೇ ಪದ, ಪಕ್ಕ ಬಾಣದ ಗುರುತು:
ಸಾಧ್ಯವಾದಲ್ಲಿ.

ಸರ್ ಅದನ್ನು ಹೊಡೆದು ಹಾಕಿದರು. ನಾನು ಮತ್ತೆ ಬಡಿದೆ.
ಅವರು ಮತ್ತೆ ಸೇರಿಸಿದರು.
ಕಾರ್ಯದರ್ಶಿಗಳು ಬದಲಾದರು, ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂತು,
ಗುಲ್ಬರ್ಗ ಕಲಬುರಗಿಯಾಯಿತು. ಆ ಪದ ಮಾತ್ರ
ಶಹಾಬಾದಿ ಹಾಸುಗಲ್ಲಿನ ಸಂದಿಯ ಹುಲ್ಲಿನಂತೆ
ಕಿತ್ತಲ್ಲೇ ಹುಟ್ಟಿತು.

ಸಮಿತಿಗಳಿಗೆ ಹೋಗುತ್ತಿದ್ದರು, ಉದ್ಯಾನ್ ಗಾಡಿಯ ಸ್ಲೀಪರಿನಲ್ಲಿ,
ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ.
ಅಲ್ಲಿ ಎಲ್ಲರೂ ತಲೆಯಾಡಿಸಿ ಕೇಳಿದರಂತೆ. ಗೋಡಂಬಿ ಚೆನ್ನಾಗಿತ್ತಂತೆ.
ಅವರ ಕೈಕೆಳಗಿನವರು ಡೀನ್ ಆದರು, ಒಬ್ಬರು ಕುಲಪತಿಯೂ ಆದರು.
ಕಂಪನಿಯವರು ಲ್ಯಾಬಿಗೆ ಯಂತ್ರ ಕೊಟ್ಟು ನಮಗೆಲ್ಲ ಬ್ಯಾಗು ಹಂಚಿದ ದಿನ
ಸರ್ ಬ್ಯಾಗು ಮುಟ್ಟಲಿಲ್ಲ.
ನಾನು ತೆಗೆದುಕೊಂಡೆ. ಒಳ್ಳೆಯ ಬ್ಯಾಗು, ಹನ್ನೊಂದು ವರ್ಷ ಬಾಳಿತು.

ಅದಕ್ಕಿಂತ ಮೊದಲೇ ಸತ್ತವು ನನ್ನ ಕಡತಗಳು.
ಏಳನೆಯ ಕರಡು ತೆರೆದರೆ ಕನ್ನಡವಿಲ್ಲ,
ತಲೆಗೆ ಟೊಪ್ಪಿಗೆ ಇಟ್ಟ ಪರದೇಶಿ ಅಕ್ಷರಗಳ ಸಂತೆ.
ಆ ಫಾಂಟು ಮಾಡಿದ ಕಂಪನಿ ಮುಚ್ಚಿತ್ತು.
‘ನೋಡ್ರಿ, ಹೇಳಿದ್ದಿಲ್ಲಾ’ ಅಂತ ಸರ್ ಅನ್ನಲಿಲ್ಲ. ಅನ್ನಬಹುದಿತ್ತು.
ಕಾಗದದ ಪ್ರತಿ ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದರು, ಅಷ್ಟೇ.

ಚಿತ್ತಾಪುರದ ಭಾಗಮ್ಮ ಬಂದದ್ದು ಆಮೇಲೆ.
ಅವ್ವನ ಮಾತು ಇದ್ದ ಹಾಗೆ ಬರೆದುಕೊಳ್ಳುತ್ತಿದ್ದಳು,
ತೊಗರಿ ರಾಶಿಯ ಬಗ್ಗೆ ಏನೋ ಪ್ರಾಜೆಕ್ಟು.
‘ಸರ್, ಅದ ಅಂತ ಬರದ್ರ ಕೆಳಗ ಕೆಂಪು ಗೆರಿ ಬರ್ತದ.
ಇದೆ ಅಂದ್ರ ಬರಂಗಿಲ್ಲ. ನಮ್ಮವ್ವಂದು ತಪ್ಪೇನ್ರಿ?’
ಇಪ್ಪತ್ತು ವರ್ಷ ಭಾಷಣ ಮಾಡಿದ ಮನುಷ್ಯ
ಕುರ್ಚಿ ಎಳೆದು ಅವಳ ಪಕ್ಕ ಕೂತರು.
ಪದಗಳ ಪಟ್ಟಿ ಎಲ್ಲಿ ಮಲಗಿದೆ, ಯಾವ ಸಾಲಿಗೆ ಕೈ ಹಾಕಬಹುದು, ತೋರಿಸಿದರು.
ಅವಳು ಸೇರಿಸಿದಳು: ಅದ. ಅವ. ಹಂಗ. ಬರ್ಲಿಕತ್ತದ.
ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಸೇರಿಸಿದಳು.
ಯಾವುದೋ ಊರಿನ ಯಾರೋ, ನಾವು ಮುಖ ಕಾಣದವರು, ಒಪ್ಪಿಕೊಂಡರು.
ಶ್ರಾವಣದ ಹೊತ್ತಿಗೆ ಲ್ಯಾಬಿನ ಹನ್ನೆರಡೂ ಪರದೆಗಳಲ್ಲಿ
ಅದ ಎಂದರೆ ಗೆರೆಯಿಲ್ಲ.
ಸರ್ ಹನ್ನೆರಡರಲ್ಲೂ ಬಡಿದು ನೋಡಿದರು, ಒಂದೊಂದಾಗಿ.

ಆದೇಶ ಹೊರಬಿದ್ದದ್ದು ಅವರು ನಿವೃತ್ತರಾಗಿ ಮೂರು ವರ್ಷಕ್ಕೆ.
ಒಯ್ದು ಕೊಟ್ಟೆ. ಒಂಬತ್ತನೆಯ ಪುಟ, ನಾಲ್ಕನೆಯ ಕಲಮು:
ಸಾಧ್ಯವಾದಲ್ಲಿ ಬಳಸಬಹುದು.
ತಕ್ಕದ್ದೂ ಹೋಗಿತ್ತು.
ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಪೆನ್ನು ಕೇಳಿದರು.
ಈ ಸಲ ಪೂರ್ತಿ ಹೊಡೆಯಲಿಲ್ಲ. ಅರ್ಧ ಪದ ಉಳಿಸಿ
ಉಳಿದರ್ಧದ ಮೇಲೆ ಎರಡಕ್ಷರ ಬರೆದರು:
ಸಾಧ್ಯ ಅದ.

‘ಬಡೀರಿ’ ಅಂದರು.
ನನಗೂ ರಿಟೈರ್ ಆಗಿ ವರ್ಷವಾಯಿತೆಂದು ಹೇಳಲಿಲ್ಲ.
ಎಷ್ಟು ಕಾರ್ಬನ್ ಇಡಲಿ ಅಂತ ಕೇಳಿದೆ.